ಡಿಸ್ಕ್ ಸತ್ತಿಲ್ಲ

"ರಿಪೇರಿ ಮಾಡೋರು ಇಲ್ವಾ?"

ಎರಡೂ ಕೈಯಲ್ಲಿ ಕಂಪ್ಯೂಟರಿನ ಸಿಪಿಯು ಹೊತ್ತು ಅಂಗಡಿಗೆ ಬಂದವನು ಅವಳ ಹೆಗಲಾಚೆ ಯಾರನ್ನೋ ಹುಡುಕುತ್ತಿದ್ದ. ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟು ತಲೆಯೆತ್ತಿದಳು.

"ನಿಮ್ಮೆದುರಿಗೇ ಇದಾರೆ."

ಅವನ ಕಿವಿ ಕೆಂಪಾಯಿತು. ಹನ್ನೊಂದು ವರ್ಷದಿಂದ ಈ ಪ್ರಶ್ನೆ ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಆದರೆ ಕೇಳಿ ನಾಚಿಕೊಂಡ ಗಿರಾಕಿಯನ್ನು ನೋಡಿದ್ದು ಇದೇ ಮೊದಲು!

ಅವನು ಬೂಟು ಹೊಲಿಯುವವನು. ಒಂದು ಕಾಲು ಗಿಡ್ಡವಿದ್ದವರಿಗೆ, ಪಾದ ಒಳಕ್ಕೆ ತಿರುಗಿದ ಮಕ್ಕಳಿಗೆ, ಅವರವರ ಕಾಲಿಗೇ ಹೊಂದುವಂತೆ ಮಾಡಿಕೊಡುತ್ತಿದ್ದ. ಮುನ್ನೂರು ಮಕ್ಕಳ ಪಾದದ ಅಳತೆ, ವರ್ಷ ವರ್ಷದ ಚಿತ್ರ, ಎಲ್ಲ ಆ ಡಬ್ಬದೊಳಗೆ. ಈಗ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಹತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತದೆ, ಮತ್ತೆ ತಾನಾಗಿಯೇ ಶುರುವಾಗುತ್ತದೆ. ಬೆಳಗಿನಿಂದ ಇದೇ ಗೋಳು. ಬೇರೆಲ್ಲೂ ನಕಲು ಇಟ್ಟಿಲ್ಲ ಎಂದು ತಲೆತಗ್ಗಿಸಿ ಒಪ್ಪಿಕೊಂಡ.

ನಾಳೆ ಸಂಜೆ ಬನ್ನಿ ಎಂದಳು.

ಅಂಗಡಿ ಅವಳ ಸೋದರಮಾವನದು. ಅವರಿಗೆ ರಿಪೇರಿಗಿಂತ ಹೊಸದನ್ನು ಮಾರುವುದರಲ್ಲೇ ಆಸಕ್ತಿ. ಮರುದಿನ ಅವಳು ಹೊರಗೆ ಹೋಗಿದ್ದಾಗ ಅವರು ಅವನಿಗೆ ಫೋನ್ ಮಾಡಿ, ಡಿಸ್ಕ್ ಸುಟ್ಟಿದೆ, ಹೊಸ ಕಂಪ್ಯೂಟರ್ ತಗೊಳ್ಳಿ ಎಂದುಬಿಟ್ಟರು.

ಅವನು ಮಧ್ಯಾಹ್ನವೇ ಬಂದ. ಕಣ್ಣು ಕೆಂಪಗಿತ್ತು.

"ನೀವು ಮುಟ್ಟಿದ ಮೇಲೇ ಹೋಯ್ತಂತೆ… ಹೌದಾ?"

ಕೆನ್ನೆಗೆ ಬಾರಿಸಿದಂತಾಯಿತು. ಅವಳು ಮಾವನ ಕಡೆ ನೋಡಿದಳು. ಮಾವ ರಸ್ತೆ ನೋಡುತ್ತಿದ್ದರು. ಅಪ್ಪ ತೀರಿಹೋದಾಗಿನಿಂದ ಅವರಿಗೆ ಒಂದು ಮಾತೂ ಎದುರಾಡಿದವಳಲ್ಲ ಅವಳು.

ಇವತ್ತೂ ಬಾಯಿ ಮುಚ್ಕೊಂಡಿರಬೇಕಾ? ಇಲ್ಲ… ಇವತ್ತು ಆಗಲ್ಲ.

"ಕೂತ್ಕೊಳ್ಳಿ. ನಿಮ್ಮ ಕಣ್ಣೆದುರಿಗೇ ನೋಡ್ತೀನಿ," ಎಂದಳು ಅವನಿಗೆ. ಮಾವ ಎರಡು ಸಲ ಕೆಮ್ಮಿದರು. ಅವಳು ತಿರುಗಲಿಲ್ಲ.

ಮೊದಲು ಡಿಸ್ಕಿನ ವೈರುಗಳನ್ನೇ ಕಿತ್ತು ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ನಿಂತಿತು, ತಿರುಗಿತು.

"ಡಿಸ್ಕ್ ಇಲ್ದಿದ್ರೂ ಅದೇ ಆಟ. ಅಂದ್ರೆ ತಪ್ಪು ಡಿಸ್ಕಿಂದಲ್ಲ."

ರ್‍ಯಾಮ್ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ಒರೆಸಿ, ಹಾಕಿ ನೋಡಿದಳು. ಅದೇ ಕಥೆ. ಕೊನೆಗೆ ತನ್ನ ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿ ಅದಕ್ಕೆ ಜೋಡಿಸಿದಳು. ಹತ್ತು ಎಣಿಸಿದಳು. ಇಪ್ಪತ್ತು. ಫ್ಯಾನು ನಿಲ್ಲಲಿಲ್ಲ. ಕೆಟ್ಟಿದ್ದು ಹಳೆಯ ಪವರ್ ಸಪ್ಲೈ ಒಂದೇ. ಆಫ್ ಮಾಡಿ, ಡಿಸ್ಕ್ ಸಿಕ್ಕಿಸಿ, ಮತ್ತೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ಅವನು ಒಂದು ಕಡತ ತೆರೆದ. ಯಾವುದೋ ಮಗುವಿನ ಪುಟ್ಟ ಪಾದ. ಅವನು ಮುಖ ಮುಚ್ಚಿಕೊಂಡ.

"ಮಾವ, ಡಿಸ್ಕ್ ಸತ್ತಿಲ್ಲ. ನನ್ನ ತಲೆ ಮೇಲೆ ಯಾಕೆ ಹಾಕಿದ್ರಿ ಅಂತ ಕೇಳಲ್ಲ. ನಾಳೆಯಿಂದ ನಾನು ಬರಲ್ಲ."

ಅನುಮಾನ ಪಟ್ಟಿದ್ದಕ್ಕೆ ಅವನು ಅಲ್ಲೇ ಕ್ಷಮೆ ಕೇಳಿದ. ತನ್ನ ಕಾರ್ಖಾನೆಯಲ್ಲೇ ಒಂದು ಮೂಲೆ ಬಿಟ್ಟುಕೊಡುತ್ತೇನೆ ಎಂದ. ಅವಳು ಬೇಡವೆಂದಳು. ಲಾಂಡ್ರಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಅಂಗಡಿ ತೆರೆದಳು. ಅವನು ಪ್ರತಿ ಶನಿವಾರ ನಕಲು ಇಡುವುದನ್ನು ಕಲಿಯಲು ಬರತೊಡಗಿದ. ಮೊದಲ ಶನಿವಾರವೇ ಕಲಿತಿದ್ದ. ಅದು ಅವಳಿಗೂ ಗೊತ್ತಿತ್ತು…

ಸುದ್ದಿ ಮನೆ ಮುಟ್ಟಿತು. ಹೋಗಿ ಹೋಗಿ ಚಪ್ಪಲಿ ಹೊಲಿಯೋನಾ ಎಂದು ಅಮ್ಮ ಕಣ್ಣೀರಿಟ್ಟರು. ಮಾವ ಅವನ ಕಾರ್ಖಾನೆಗೇ ಹೋಗಿ ಬಾಯಿಗೆ ಬಂದಂತೆ ಬೈದು ಬಂದರು. ಅವನು ಎರಡು ಶನಿವಾರ ಬರಲಿಲ್ಲ.

ಮೂರನೆಯ ಶನಿವಾರ ಮಧ್ಯಾಹ್ನ ಅವಳು ಅಂಗಡಿಗೆ ಬೀಗ ಹಾಕಿ ನೆಟ್ಟಗೆ ಅವನಲ್ಲಿಗೆ ನಡೆದಳು. ತೊಡೆಯ ಮೇಲೆ ಅರ್ಧ ಹೊಲಿದ ಬೂಟು ಇಟ್ಟುಕೊಂಡು ಕೂತಿದ್ದ.

"ನಿಮ್ಮ ಮನೇಲಿ ನನ್ನಿಂದ ಜಗಳ ಬೇಡ ಅಂತ…"

"ನನ್ನನ್ನ ಕೇಳಿದ್ರಾ? ಮಾವ ನನ್ನ ಕೇಳದೇ ತೀರ್ಮಾನ ಮಾಡಿದ್ರು, ಬಿಟ್ಟು ಬಂದೆ. ಈಗ ನೀವೂ ಅದನ್ನೇ ಮಾಡ್ತಿದೀರಿ. ಮದುವೆ ಆದ್ರೆ ನಿಮ್ಮನ್ನೇ ಅಂತ ಬೆಳಿಗ್ಗೆ ಅಮ್ಮನಿಗೆ ಹೇಳಿದೀನಿ. ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳಿ, ಹೋಗಿ ಅಂಗಡಿ ತೆಗೀತೀನಿ. ಅಳಲ್ಲ."

ಅಷ್ಟರಲ್ಲಾಗಲೇ ಅವಳ ಕಣ್ಣು ತುಂಬಿತ್ತು.

ಅವನು ಬೂಟನ್ನು ಮೆಲ್ಲಗೆ ಕೆಳಗಿಟ್ಟ. "ಇಷ್ಟ ಇಲ್ಲ ಅಂತ ಸುಳ್ಳು ಹೇಳೋಕೆ ನನಗೆ ಬರಲ್ಲ… ಅಮ್ಮ ಏನಂದ್ರು?"

"ಕೋಣೆ ಬಾಗಿಲು ಹಾಕ್ಕೊಂಡ್ರು. ಸಂಜೆ ನಿಮ್ಮನ್ನ ಕರ್ಕೊಂಡು ಬರ್ತೀನಿ ಅಂತ ಹೊರಗಿಂದಲೇ ಹೇಳಿ ಬಂದೆ."

ಅವನು ಎದ್ದು ಕೈ ತೊಳೆದುಕೊಂಡ.

"ಹಾಗಾದ್ರೆ ಈಗಲೇ ನಡೀರಿ."

"ಇನ್ನೂ ಮಧ್ಯಾಹ್ನ…"

"ಅವರು ಬಾಗಿಲು ತೆಗೆಯೋವರೆಗೂ ನಿಂತಿರಬೇಕಲ್ಲ."

"ನಿಲ್ತೀರಾ?"

"ನೀವು ಪಕ್ಕದಲ್ಲಿದ್ರೆ, ಎಷ್ಟು ಹೊತ್ತು ಬೇಕಾದ್ರೂ."