ಮೆಣಸೆಗೆ ಬಂದ ಸಮುದ್ರ

"ರೀ, ಅದು ನಮ್ಮ ಕ್ಯಾನು. ಮುಚ್ಚಳ ಯಾಕೆ ತೆಗೆದ್ರಿ?"

ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಮಿನಿ ಬಸ್ಸಿನ ಪಕ್ಕ ನಿಂತಿದ್ದ ಯುವಕ ತಿರುಗಿ ನೋಡಿದ. ಅವನ ಪ್ಯಾಂಟು ಮೊಣಕಾಲಿನಿಂದ ಕೆಳಗೆ ಪೂರ್ತಿ ಒದ್ದೆ. ತೋರುಬೆರಳು ಇನ್ನೂ ಬಾಯಲ್ಲೇ ಇತ್ತು.

"ಆಗುಂಬೆ ಘಾಟಿಯಿಂದ ನನ್ನ ಕಾಲ ಮೇಲೆ ಸೋರ್ತಾ ಬಂತು ಮೇಡಂ. ಎಂತ ಅಂತ ನೋಡೋದು ಬೇಡ್ವಾ? ಉಪ್ಪುಪ್ಪಾಗಿದೆ."

"ಸಮುದ್ರದ ನೀರು ಉಪ್ಪಿರದೆ ಸಿಹಿ ಇರುತ್ತಾ?"

ಡ್ರೈವರ್ ಶೇಷಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. "ನಮ್ಮ ಪುಟ್ಟಪ್ಪಣ್ಣನ ಮಗಳು ಮಾರಾಯ. ಮೆಣಸೆ ಮನೇಲಿ ಸಮುದ್ರ ಮಾಡ್ತಾಳಂತೆ. ನಾನು ಮಲ್ಪೆ ದೋಣಿಯವರ ಹತ್ರ ತಿಳಿನೀರು ತುಂಬಿಸ್ಕೊಂಡು ಬಂದೆ."

"ಉಪ್ಪುನೀರಿನ ಮೀನಾ?" ಯುವಕ ಬೆರಳು ಒರೆಸಿಕೊಂಡ. "ಹವಳಾನೂ ಇಡ್ತೀರಾ? ನಂದು ಕೊಪ್ಪದಲ್ಲಿ ಅಕ್ವೇರಿಯಂ ಅಂಗಡಿ. ಹೇಳ್ತೀನಿ ಕೇಳಿ, ಎಲ್ಲ ಸಾಯ್ತವೆ."

ಗೋದಾವರಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರರ ಹುಡುಗಿ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಕೊನೆಯ ಬೆಂಚಿನ ಪುಂಡರೇ ಅವಳೆದುರು ಬಾಲ ಮುದುರಿ ಕೂರುತ್ತಿದ್ದರು. ಇವನ್ಯಾರೋ ಬಾಯಲ್ಲಿ ಬೆರಳಿಟ್ಟುಕೊಂಡು ಭವಿಷ್ಯ ಹೇಳುತ್ತಿದ್ದಾನೆ.

"ನಿಮ್ಮ ಪ್ಯಾಂಟು ಒದ್ದೆಯಾಗಿದ್ದಕ್ಕೆ ಕ್ಷಮೆ ಕೇಳ್ತೀನಿ. ನನ್ನ ಮೀನಿನ ಜಾತಕ ನಾನು ಕೇಳಿಲ್ಲ."

ನಾಲ್ಕು ಕ್ಯಾನನ್ನೂ ಆಟೋಗೆ ತಾನೇ ಎಳೆದು ಹಾಕಿದಳು. ಅವನು ಸಹಾಯಕ್ಕೆ ಬಂದರೂ ಮುಟ್ಟಲು ಬಿಡಲಿಲ್ಲ.

ಮರುದಿನ ಬೆಳಗ್ಗೆ ಅದೇ ಯುವಕ ಮೆಣಸೆ ಊರಿನ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ನೀರಿನ ಉಪ್ಪು ಅಳೆಯುವ ಪುಟ್ಟ ಗಾಜಿನ ಕಡ್ಡಿ.

"ನಾನು ನಿತೀಶ್. ನಿನ್ನೆ ಹಾಗೆ ಹೇಳಬಾರದಿತ್ತು. ಇದು ನಿಮಗೆ ಬೇಕಾಗುತ್ತೆ."

ಬೈದು ಕಳಿಸಬೇಕೆಂದಿದ್ದಳು ಗೋದಾವರಿ. ಅಷ್ಟರಲ್ಲಿ ಅವನ ಕಣ್ಣು ಒಳಗೆ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಪುಟ್ಟಪ್ಪನವರ ಮೇಲೆ ಬಿತ್ತು. ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎದುರಿಗೆ ನಾಲ್ಕಡಿಯ ಖಾಲಿ ಗಾಜಿನ ತೊಟ್ಟಿ. ಅವರು ಅದನ್ನೇ ನೋಡುತ್ತಿದ್ದರು.

"ಅಪ್ಪ ಇಪ್ಪತ್ತಾರು ವರ್ಷ ಶೃಂಗೇರಿ–ಮಲ್ಪೆ ಬಸ್ ಓಡಿಸಿದವರು," ಅಂದಳು, ಸಿಟ್ಟು ಅರ್ಧ ಇಳಿದಿತ್ತು. "ದಿನಾ ಮಧ್ಯಾಹ್ನ ಸಮುದ್ರದ ಕಡೆ ಮುಖ ಮಾಡಿ ಬುತ್ತಿ ಬಿಚ್ಚೋರು. ಈಗ ಘಾಟಿ ಇಳಿಯೋ ಹಾಗಿಲ್ಲ. ಮಾತೂ ಇಲ್ಲ. ಅದಕ್ಕೇ ಸಮುದ್ರಾನೇ ಇಲ್ಲಿಗೆ ತರ್ತಿದೀನಿ."

ನಿತೀಶ್ ಚಪ್ಪಲಿ ಬಿಟ್ಟು ಒಳಗೆ ಬಂದು ಅಂಗಿಯ ತೋಳು ಮಡಚಿದ.

ಅಲ್ಲಿಂದ ಪ್ರತಿ ಭಾನುವಾರ ಅವನ ಬೈಕು ಮೆಣಸೆಗೆ ಬಂತು. ಮರಳು ತೊಳೆದರು, ಕಲ್ಲು ಜೋಡಿಸಿದರು, ಪಂಪು ಕೂರಿಸಿದರು. ನೀರು ತುಂಬಿದ ಮೇಲೆ ಕಾಯುವುದೇ ಕೆಲಸ. ನೀರಿನ ಕೊಳೆ ತಿನ್ನುವ, ಕಣ್ಣಿಗೆ ಕಾಣದ ಜೀವಾಣುಗಳು ಮೊದಲು ಬೆಳೆಯಬೇಕು. ಅಲ್ಲಿಯವರೆಗೆ ಮೀನು ಬಿಡುವಂತಿಲ್ಲ. ಆರು ವಾರ ಆ ಮನೆಯಲ್ಲಿ ಬರೀ ನೀರಿಗೆ ಲೈಟು ಹಾಕಿದ್ದರು. ಪಕ್ಕದ ಮನೆಯ ಪ್ರೇಮಕ್ಕ ಬಂದಾಗಲೆಲ್ಲ ಬಗ್ಗಿ ನೋಡಿ, "ಎಂತ ಸಾಕ್ತಿದೀರಿ ಮಾರಾಯ್ತಿ, ನೀರನ್ನಾ?" ಎಂದು ಕೇಳುವುದು ತಪ್ಪಲಿಲ್ಲ.

ನಗುನಗುತ್ತಾ ಆರು ವಾರ ಹೋಯಿತು. ಆ ಆರು ವಾರದಲ್ಲಿ ಇನ್ನೇನು ಬೆಳೆಯಿತು ಎಂದು ನಾನು ಬಿಡಿಸಿ ಹೇಳಬೇಕೇ? ಭಾನುವಾರ ಬೆಳಗ್ಗೆ ಗೋದಾವರಿ ಎರಡೆರಡು ಸಲ ತಲೆ ಬಾಚುತ್ತಿದ್ದಳು. ಅಮ್ಮ ಯಮುನಮ್ಮ ಕಡುಬಿಗೆ ಅಕ್ಕಿ ಒಂದು ಪಾವು ಹೆಚ್ಚಿಗೆ ಹಾಕುತ್ತಿದ್ದರು.

ಒಮ್ಮೆ ಅವನ ಅಂಗಡಿಗೆ ಹೋದಾಗ ಗೋದಾವರಿ ನೀಲಿ ಬಾಟಲಿಯೊಂದನ್ನು ಎತ್ತಿ ನೋಡಿದಳು.

"ಅದರಲ್ಲಿ ತಾಮ್ರ ಇದೆ," ಅಂದ ನಿತೀಶ್. "ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕೋದು. ಆದ್ರೆ ಸೀಗಡಿ, ಹವಳಕ್ಕೆಲ್ಲ ವಿಷ. ನಿಮ್ಮ ತೊಟ್ಟಿಗೆ ಅದರ ಒಂದು ಹನಿನೂ ಬೀಳಬಾರದು."

"ನೀವು ನನಗೊಂದು ಮಾತು ಕೊಡಬೇಕು," ಅಂದಳು ಗೋದಾವರಿ, ಬಾಟಲಿ ಕೆಳಗಿಟ್ಟು.

"ಎಂತ?"

"ಏನಾದ್ರೂ ಸತ್ತರೆ ಸತ್ತಿದೆ ಅಂತ ಹೇಳಿ. ನನಗೆ ಬೇಜಾರಾಗುತ್ತೆ ಅಂತ ಮುಚ್ಚಿಡಬೇಡಿ."

ಮೂರು ವರ್ಷದ ಹಿಂದಿನ ಕಥೆಯನ್ನು ಅವಳು ಅವತ್ತೇ ಅವನಿಗೆ ಹೇಳಿದ್ದು. ಮೈಸೂರಿನಲ್ಲಿ ಎಂಎಸ್ಸಿ ಪರೀಕ್ಷೆ ನಡೆಯುತ್ತಿತ್ತು. ಅಪ್ಪನಿಗೆ ಲಕ್ವ ಹೊಡೆದಿತ್ತು. ಮನೆಗೆ ಫೋನ್ ಮಾಡಿದಾಗಲೆಲ್ಲ ಅಮ್ಮ, "ಡ್ಯೂಟಿಗೆ ಹೋಗಿದಾರೆ, ಚೆನ್ನಾಗಿದಾರೆ, ನೀನು ಓದ್ಕೋ" ಅಂದರು. ಮೊದಲ ಒಂದು ವಾರ ಅಪ್ಪ ಮಾತಾಡುತ್ತಿದ್ದರಂತೆ. "ಗೋದಾ ಬಂದ್ಲಾ?" ಎಂದು ಕೇಳುತ್ತಿದ್ದರಂತೆ. ಎರಡನೇ ಸಲ ಹೊಡೆದಾಗ ಮಾತು ಹೋಯಿತು. ಪರೀಕ್ಷೆ ಮುಗಿಸಿ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದವಳನ್ನು ಅಪ್ಪ ಸುಮ್ಮನೆ ನೋಡಿದರು.

"ನನ್ನ ಒಳ್ಳೇದಕ್ಕೆ ಅಂತಲೇ ಹೇಳಿದ್ರು," ಅಂದಳು. "ಅಪ್ಪನ ಧ್ವನಿ ಮತ್ತೆ ಕೇಳಲೇ ಇಲ್ಲ ನಾನು."

"ಮಾತು ಕೊಟ್ಟೆ," ಅಂದ ನಿತೀಶ್.

ಕೊನೆಗೂ ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು ಬಂದವು. ಕೆಂಪು ಗೆರೆಯ ಸೀಗಡಿ, ಒಂದು ನಕ್ಷತ್ರಮೀನು ಬಂದವು. ಬೆಂಗಳೂರಿನ ಹವ್ಯಾಸಿಯೊಬ್ಬರು ತಮ್ಮ ತೊಟ್ಟಿಯಲ್ಲೇ ಬೆಳೆಸಿದ ಹವಳದ ಎರಡು ತುಂಡು ಕೊಟ್ಟರು. ನಾಲ್ಕನೇ ದಿನ ಹವಳ ತನ್ನ ಸಣ್ಣ ಸಣ್ಣ ಬೆರಳುಗಳನ್ನು ಬಿಚ್ಚಿತು. ಪುಟ್ಟಪ್ಪ ಎಡಗೈಯನ್ನು ಗಾಜಿಗೆ ಒತ್ತಿ, ತುಟಿ ಅಲುಗಾಡಿಸಿ, ಬಹಳ ಹೊತ್ತು ಹೆಣಗಿ ಒಂದು ಶಬ್ದ ತೆಗೆದರು.

"ಮ...ಲ್ಪೆ."

ಗೋದಾವರಿ ಓಡಿಹೋಗಿ ಅಡುಗೆಮನೆಯಲ್ಲಿ ಅತ್ತಳು. ಹಿಂದೆಯೇ ಬಂದ ನಿತೀಶನ ಕಣ್ಣೂ ಕೆಂಪಾಗಿತ್ತು.

2007ರ ಏಪ್ರಿಲ್‌ನಲ್ಲಿ ಅವಳು ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಹತ್ತು ದಿನ ಬೆಂಗಳೂರಿಗೆ ಹೊರಟಳು. ತೊಟ್ಟಿಯ ಜವಾಬ್ದಾರಿ ನಿತೀಶನದು.

"ನೀವು ಬಂದ ಮೇಲೆ ಒಂದು ಮಾತು ಕೇಳೋದಿದೆ," ಅಂದ, ಬಸ್ಸಿನ ಕಿಟಕಿಯ ಹತ್ತಿರ ನಿಂತು.

"ಈಗಲೇ ಕೇಳಿ."

"ಇಲ್ಲ. ನಿಮ್ಮ ಅಪ್ಪನ ಎದುರಿಗೆ ಕೇಳಬೇಕು."

ಬೆಂಗಳೂರು ಮುಟ್ಟುವವರೆಗೂ ಅವಳು ಒಬ್ಬಳೇ ನಗುತ್ತಿದ್ದಳು. ಪಕ್ಕದ ಸೀಟಿನ ಅಜ್ಜಿ ಎರಡು ಸಲ ತಿರುಗಿ ನೋಡಿತು.

ದಿನಾ ಫೋನ್ ಮಾಡಿದಳು. ಆರನೇ ದಿನದಿಂದ ಅವನ ಧ್ವನಿ ಸ್ವಲ್ಪ ಬೇರೆ ಅನ್ನಿಸಿತು.

"ಎಲ್ಲ ಚೆನ್ನಾಗಿದೆಯಾ?"

"ಚೆನ್ನಾಗಿದೆ. ನೀವು ಪೇಪರ್ ತಿದ್ದಿ."

ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ತೊಟ್ಟಿಯೆದುರು ನಿಂತಳು. ಎರಡು ಕಿತ್ತಳೆ ಮೀನು ಮಾತ್ರ ಮೂಲೆಯಲ್ಲಿದ್ದವು. ಸೀಗಡಿ ಇಲ್ಲ, ನಕ್ಷತ್ರಮೀನು ಇಲ್ಲ. ಹವಳವಿದ್ದ ಕಲ್ಲಿನ ಮೇಲೆ ಬೂದು ಬಣ್ಣದ ಲೋಳೆ. ಅಪ್ಪನ ಕುರ್ಚಿಯನ್ನು ಯಾರೋ ಗೋಡೆಯ ಕಡೆ ತಿರುಗಿಸಿದ್ದರು.

*ಚೆನ್ನಾಗಿದೆ ಅಂದ. ನಾಲ್ಕು ದಿನ, ನಾಲ್ಕು ಸಲ, ಚೆನ್ನಾಗಿದೆ ಅಂದ...*

ಅಳು ಬರಲಿಲ್ಲ. ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿ ಕಾಲೇಜಿಗೆ ಒಯ್ದಳು. ರಸಾಯನಶಾಸ್ತ್ರದ ಪುರುಷೋತ್ತಮ ಸರ್ ಪರೀಕ್ಷೆ ಮಾಡಿ ಕನ್ನಡಕ ಮೇಲೇರಿಸಿದರು. "ತಾಮ್ರ ಇದೆಯಲ್ಲಮ್ಮ ಇದರಲ್ಲಿ."

ಆ ನೀಲಿ ಬಾಟಲಿ ಕಣ್ಣ ಮುಂದೆ ಬಂತು. ಅಲ್ಲಿಂದಲೇ ಕೊಪ್ಪದ ಬಸ್ಸು ಹತ್ತಿದಳು.

"ನೀರಿಗೆ ತಾಮ್ರ ಬಿದ್ದಿದೆ. ನೀವು ಔಷಧಿ ಹಾಕಿದ್ರಾ?"

ನಿತೀಶ್ ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಬಲೆಯನ್ನೇ ಮಡಚುತ್ತಾ ನಿಂತಿದ್ದ.

"ಹೌದು. ಮೀನಿಗೆ ಬಿಳಿಚುಕ್ಕೆ ಬಂದಿತ್ತು. ನಾನೇ ಹಾಕಿದೆ."

"ಒಂದು ಹನಿ ಬೀಳಬಾರದು ಅಂದಿದ್ದು ನೀವೇ."

"ಹೌದು."

"ಫೋನಲ್ಲಿ ಚೆನ್ನಾಗಿದೆ ಅಂದಿದ್ದೂ ನೀವೇ."

"ಹೌದು ಗೋದಾವರಿ. ನಂದೇ ತಪ್ಪು."

ಜಗಳವಾಡಿದ್ದರೆ, ಒಂದು ನೆಪ ಹೇಳಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವನು ಎಲ್ಲವನ್ನೂ ಒಪ್ಪಿಕೊಂಡ. ಅದೇ ಅವಳನ್ನು ಮುರಿಯಿತು.

"ನನಗೆ ಯಾವ ಗಾಯ ಆಗಿದೆ ಅಂತ ನಿಮಗೊಬ್ಬರಿಗೇ ಹೇಳಿದ್ದೆ," ಅಂದಳು. "ಅದೇ ಜಾಗಕ್ಕೆ ಹೊಡೆದ್ರಿ. ಇನ್ನು ನಮ್ಮ ಮನೆ ಕಡೆ ಬರಬೇಡಿ."

ಬಸ್ಸಿನಲ್ಲಿ ಅಳು ಬಂತು. ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ. ಹವಳ ಸತ್ತಿದ್ದಕ್ಕೆ ಅಷ್ಟು ದುಃಖವಿರಲಿಲ್ಲ, ಪಾಪ. ಜೀವ ಎಂದ ಮೇಲೆ ಸಾಯುತ್ತದೆ. ಅವಳು ಅತ್ತದ್ದು ಬೇರೆಯದಕ್ಕೆ. ಕಿಟಕಿಯ ಹತ್ತಿರ ನಿಂತು "ಅಪ್ಪನ ಎದುರಿಗೆ ಕೇಳಬೇಕು" ಅಂದಿದ್ದನಲ್ಲ, ಆ ಮಾತೂ ಸುಳ್ಳಿರಬಹುದೇ ಎಂಬ ಅನುಮಾನಕ್ಕೆ.

ಮೂರು ವಾರ ಅವಳು ಸರಿಯಾಗಿ ಉಣ್ಣಲಿಲ್ಲ. ಭಾನುವಾರ ಬೈಕಿನ ಸದ್ದು ಕೇಳಿದರೆ ಬಾಗಿಲಿಗೆ ಓಡುತ್ತಿದ್ದಳು, ಆಮೇಲೆ ಓಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಯಮುನಮ್ಮ ಮಗಳ ಹತ್ತಿರ ಸುಳಿಯುತ್ತಿರಲಿಲ್ಲ.

ಅಪ್ಪ ಮಾತ್ರ ಹೊಸದೊಂದು ಹಟ ಹಿಡಿದಿದ್ದರು. ಗೋದಾವರಿ ಎದುರಿಗೆ ಬಂದರೆ ಸಾಕು, ಎಡಗೈ ಎತ್ತಿ ಬಚ್ಚಲುಮನೆಯ ಕಡೆ ತೋರಿಸುತ್ತಿದ್ದರು. ಯಮುನಮ್ಮ ತಟ್ಟನೆ ಬಂದು, "ಬಚ್ಚಲಿಗೆ ಹೋಗ್ಬೇಕಂತೆ, ನಾನು ಕರ್ಕೊಂಡು ಹೋಗ್ತೀನಿ, ನೀನು ಹೋಗು" ಅನ್ನುತ್ತಿದ್ದರು.

ಒಂದು ಬೆಳಗ್ಗೆ ಅಮ್ಮ ಹೂವು ಕೊಯ್ಯಲು ಹೋಗಿದ್ದರು. ಅಪ್ಪ ಮತ್ತೆ ಕೈ ತೋರಿಸಿದರು. ಎಬ್ಬಿಸಲು ಹೋದರೆ ತಲೆ ಅಲ್ಲಾಡಿಸಿದರು. ಬೇಡ. ನೀನು ಹೋಗು.

ಬಚ್ಚಲುಮನೆಯ ಮೂಲೆಯಲ್ಲಿ ತಾಮ್ರದ ದೊಡ್ಡ ಹಂಡೆಯಿತ್ತು. ಅಮ್ಮ ಶುಕ್ರವಾರ ಬಂತೆಂದರೆ ಹುಣಸೆಹಣ್ಣು ಹಚ್ಚಿ ಮುಖ ಕಾಣುವಂತೆ ತಿಕ್ಕುತ್ತಿದ್ದ ಹಂಡೆ. ಈಗ ಅದರ ಮೇಲೆ ಗೋಣಿಚೀಲ ಹೊದಿಸಿತ್ತು. ಸರಿಸಿ ನೋಡಿದಳು. ಒಳಗೆ ಹಸಿರು ಕಲೆ ಸುತ್ತಲೂ ಹಬ್ಬಿತ್ತು. ಅದರ ಮೇಲೆ ಬಿಳಿ ಪುಡಿ. ಬೆರಳಿಗೆ ತಾಗಿಸಿಕೊಂಡು ನಾಲಿಗೆಗೆ ಇಟ್ಟಳು.

ಉಪ್ಪು.

ಹಿಂದೆ ಹೂವಿನ ಬುಟ್ಟಿ ಬಿದ್ದ ಸದ್ದಾಯಿತು. ಯಮುನಮ್ಮ ಬಾಗಿಲಲ್ಲಿ ನಿಂತಿದ್ದರು.

"ತೊಟ್ಟಿಗೆ ಬದಲಾಯಿಸೋಕೆ ಅಂತ ಶೇಷಪ್ಪ ತಂದ ನೀರು ಪ್ಲಾಸ್ಟಿಕ್ಕಲ್ಲಿ ನಾರ್ತಿತ್ತು ಕಣೇ," ಅಂದರು, ಗೋಡೆಗೆ ಒರಗಿ. "ಸಮುದ್ರದ ನೀರು, ತೀರ್ಥ ಇದ್ದಂಗೆ. ತಾಮ್ರದಲ್ಲಿಟ್ರೆ ಶುದ್ಧ ಆಗುತ್ತೆ ಅಂತ ಹಂಡೆ ತಿಕ್ಕಿ ಎರಡು ದಿನ ತುಂಬಿಟ್ಟೆ. ನಾನೇ ಬಕೇಟಿಗೆ ತೋಡಿ ಕೊಟ್ಟೆ. ಅವನಿಗೆ ಗೊತ್ತಿರ್ಲಿಲ್ಲ, ತೊಟ್ಟಿಗೆ ಹಾಕ್ದ. ಮಾರನೇ ದಿನ ಸೀಗಡಿ ಅಂಗಾತ ಬಿದ್ದಿತ್ತು."

"ಮತ್ತೆ ಅವರು ಯಾಕೆ..."

"ನಿನಗೆ ಹೇಳಬೇಡ ಅಂತ ನಾನೇ ಕೈ ಮುಗಿದೆ. ನಿಮ್ಮಪ್ಪಂದು ಮುಚ್ಚಿಟ್ಟ ದಿನದಿಂದ ನೀನು ನನ್ನ ಮುಖ ನೋಡಿ ನಕ್ಕಿಲ್ಲ ಗೋದಾ. ಇದೂ ನಂದೇ ಅಂದ್ರೆ ಇನ್ನು ಅಮ್ಮ ಅಂತಲೂ ಕರೆಯಲ್ಲ ಅನ್ನಿಸ್ತು. ಅವನು ಸತ್ತ ಸೀಗಡೀನ ಬಲೇಲಿ ಎತ್ತಿ ಹಾಕ್ದ. ಆಮೇಲೆ, ನನ್ನ ಮೇಲೆ ಹಾಕಿ ಅಮ್ಮ ಅಂದ."

ಗೋದಾವರಿ ಅಲ್ಲೇ ಬಚ್ಚಲುಕಟ್ಟೆಯ ಮೇಲೆ ಕೂತಳು. ಮೂರು ವರ್ಷದಿಂದ ಈ ಮನೆಯಲ್ಲಿ ತನ್ನ ಮೌನ ಎಷ್ಟು ದೊಡ್ಡದಾಗಿತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರೂ ಅತ್ತರು. ಆಮೇಲೆ ಇಬ್ಬರೂ ಸೇರಿ ಆ ಹಂಡೆಯನ್ನು ತಿಕ್ಕಿದರು.

ಮಧ್ಯಾಹ್ನ ಅವಳು ಕೊಪ್ಪದ ಅಂಗಡಿಯಲ್ಲಿದ್ದಳು. ಓಡಿಹೋಗಿ ಕ್ಷಮೆ ಕೇಳಿದಳು ಅಂದುಕೊಂಡಿರಾ? ನಮ್ಮ ಗೋದಾವರಿ ಅಂಥವಳಲ್ಲ.

"ಹಂಡೆ ನೋಡಿದೆ," ಅಂದಳು.

ನಿತೀಶ್ ಬೆಂಚಿನ ಮೇಲೆ ಕೂತ. "ಅಮ್ಮನ್ನ ಬೈಬೇಡಿ."

"ಅಮ್ಮನ್ನ ಬೈದಿಲ್ಲ. ನಿಮ್ಮನ್ನ ಬೈಯೋಕೆ ಬಂದೆ. ಅಮ್ಮನಿಗೆ ನನ್ನ ಭಯ ಇತ್ತು. ನಿಮಗೆ ಎಂತ ಇತ್ತು? ನಾನು ತಡ್ಕೊಳ್ಳಲ್ಲ ಅಂತ ನೀವೂ ತೀರ್ಮಾನ ಮಾಡಿದ್ರಿ. ಅಪ್ಪನಿಗೆ ಲಕ್ವ ಹೊಡೆದಾಗಲೂ ಎಲ್ಲರೂ ಹಾಗೇ ಮಾಡಿದ್ರು. ನೀವು ಒಳ್ಳೆಯವರು ನಿತೀಶ್. ನನಗೆ ಒಳ್ಳೆಯವರು ಬೇಡ, ನಿಜ ಹೇಳೋರು ಬೇಕು."

ಅವನ ಉತ್ತರಕ್ಕೆ ಕಾಯದೆ ಹೊರಟಳು. ಎನ್.ಆರ್. ಪುರದ ಬಸ್ಸು ಅಡ್ಡ ನಿಂತಿದ್ದರಿಂದ ರಸ್ತೆ ದಾಟಲು ಸ್ವಲ್ಪ ತಡವಾಯಿತು. ಅವನು ಹಿಂದೆ ಬರಲಿಲ್ಲ. ಬರಲಿ ಎಂದು ಅವಳು ಎಷ್ಟು ಆಸೆಪಟ್ಟಳೋ ಅವಳಿಗೇ ಗೊತ್ತು.

ಎಂಟು ದಿನ ಕಳೆಯಿತು. ಉಳಿದ ಎರಡು ಮೀನನ್ನು ಪಂಪು ಹಾಕಿದ ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು, ಹಳೆಯ ನೀರನ್ನೆಲ್ಲ ಚೆಲ್ಲಿ, ಕಲ್ಲು, ಮರಳು ಹೊರಗೆ ಹಾಕಿ, ಗೋದಾವರಿ ಮೊದಲಿನಿಂದ ಶುರು ಮಾಡಿದ್ದಳು. ಅವತ್ತು ಹೊಸ ನೀರಿಗೆಂದು ಶೃಂಗೇರಿ ಬಸ್ ಸ್ಟ್ಯಾಂಡಿಗೆ ಬಂದರೆ, ಶೇಷಪ್ಪನ ಬಸ್ಸಿನ ಪಕ್ಕ ನಿತೀಶ್ ನಿಂತಿದ್ದ. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಪ್ಯಾಕೆಟ್. ಒಳಗೆ ಕೆಂಪು ಗೆರೆಯ ಸೀಗಡಿ ಅಂಗಾತ ಬಿದ್ದಿತ್ತು.

"ಸತ್ತಿದೆ," ಅಂದ. ಈ ಸಲ ಅವಳ ಕಣ್ಣನ್ನೇ ನೋಡುತ್ತಿದ್ದ. "ನಿಮ್ಮ ತೊಟ್ಟಿ ತಯಾರಾಗೋವರೆಗೆ ಅಂಗಡೀಲಿ ಇಟ್ಟು ಸಾಕೋಣ ಅಂತ ಬೆಂಗಳೂರಿಂದ ತಂದೆ. ಶಿವಮೊಗ್ಗದಲ್ಲಿ ಕಾಫಿ ಕುಡಿಯೋಕೆ ಇಳಿದೆ. ಪ್ಯಾಕೆಟ್ ಬಿಸಿಲಿಗೆ ಬಿಟ್ಟಿದ್ದೆ. ಪೂರ್ತಿ ನಂದೇ ತಪ್ಪು. ಈ ಸಲ ನಿಜವಾಗ್ಲೂ ನಂದೇ."

"ಇದನ್ನ ಹೇಳೋಕೆ ಬಂದ್ರಾ?"

"ಹೌದು. ಫೋನಲ್ಲಿ ಚೆನ್ನಾಗಿದೆ ಅನ್ನೋದು ಸುಲಭ."

ಗೋದಾವರಿ ಎಷ್ಟು ವರ್ಷದಿಂದ ಕಾದಿದ್ದಳು, ಯಾರಾದರೂ ಹೀಗೆ ಎದುರು ನಿಂತು ಕೆಟ್ಟ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹೇಳಲಿ ಎಂದು.

"ಇನ್ನೊಂದು ನಿಜ ಇದೆ," ಅಂದ ನಿತೀಶ್. "ಮೊದಲ ದಿನ ಇಲ್ಲೇ ನಿಂತು ಎಲ್ಲ ಸಾಯ್ತವೆ ಅಂದಿದ್ನಲ್ಲ, ಆಗ ನನಗೆ ಉಪ್ಪುನೀರಿನ ಮೀನಿನ ಬಗ್ಗೆ ಎಂತ ಸುಡುಗಾಡೂ ಗೊತ್ತಿರಲಿಲ್ಲ. ಎಲ್ಲ ಆಮೇಲೆ ಸೈಬರ್ ಕೆಫೆಯಲ್ಲಿ ಕೂತು ಓದಿದ್ದು. ನಿಮ್ಮ ಮನೆಗೆ ಬರೋಕೆ ಒಂದು ಕಾರಣ ಬೇಕಿತ್ತು."

"ಅದು ನನಗೆ ಎರಡನೇ ಭಾನುವಾರವೇ ಗೊತ್ತಾಗಿತ್ತು," ಅಂದಳು, ಕಣ್ಣೊರೆಸಿಕೊಂಡು. "ಬಂದ ಮೇಲೆ ಒಂದು ಮಾತು ಕೇಳ್ತೀನಿ ಅಂದಿದ್ರಿ."

"ಈಗ ಕೇಳಲಾ? ಕೈಯಲ್ಲಿ ಸತ್ತ ಸೀಗಡಿ ಇದೆ."

"ಅಪ್ಪನ ಎದುರಿಗೆ ಕೇಳಬೇಕು ಅಂದಿದ್ರಿ. ಮನೆಗೆ ಬನ್ನಿ."

"ಅವರಿಗೆ ಉತ್ತರ ಹೇಳೋಕೆ ಕಷ್ಟ ಅಲ್ವಾ?"

"ಅವರು ಸರಿಯಾಗಿ ತೋರಿಸ್ತಾರೆ. ನೋಡೋರು ನೋಡಬೇಕು ಅಷ್ಟೆ." ಗೋದಾವರಿ ಕ್ಯಾನಿನ ಕಡೆ ಕೈ ತೋರಿಸಿದಳು. "ನಾಲ್ಕಿದೆ. ಎರಡು ನೀವು ಎತ್ಕೊಳ್ಳಿ."

"ಅವತ್ತು ಮುಟ್ಟೋಕೆ ಬಿಟ್ಟಿರ್ಲಿಲ್ಲ. ಇವತ್ತು ಎತ್ಕೊಳ್ಳಿ ಅಂದ್ರೆ, ನನ್ನ ಮಾತಿಗೂ ಹೂಂ ಅಂತಾನಾ?"

"ಮುಚ್ಚಳ ಸರಿಯಾಗಿ ಹಾಕಿದೆಯಾ ನೋಡ್ಕೊಳ್ಳಿ, ಕಾಲಿಗೆ ಸೋರುತ್ತೆ," ಅಂದಳು. ಆಮೇಲೆ ಮೆಲ್ಲಗೆ, "ಹೂಂ," ಅಂದಳು.