ಮಲ್ಲಪ್ಪನ ಮರಣ ಪತ್ರ

೨೦೦೩ರ ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಲಂಡನ್ನಿನ ಹ್ಯಾರೋದ ಒಂದು ಪೊಲೀಸ್ ಸ್ಟೇಷನ್ನಿಗೆ ಮುದುಕಿಯೊಬ್ಬಳು ಬಂದಳು. ಇಳಕಲ್ ಸೀರೆ, ಅದರ ಮೇಲೆ ಗಂಡಸರ ಕೋಟು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೌಂಟರಿನ ಪೇದೆ ಅವಳ ಮಾತು ಕೇಳಿ ಗುಜರಾತಿ ದುಭಾಷಿಗೆ ಫೋನ್ ಹಚ್ಚಿದ. ಸೀರೆ ಉಟ್ಟವರೆಲ್ಲ ಗುಜರಾತಿಗಳೇ ಎಂದು ಆ ಪುಣ್ಯಾತ್ಮನ ನಂಬಿಕೆ. ದುಭಾಷಿ ಎರಡು ನಿಮಿಷ ಕೇಳಿ, ಇದು ತನ್ನ ಭಾಷೆಯಲ್ಲ ಎಂದು ಫೋನಿಟ್ಟಳು.

ಕೊನೆಗೆ ಪತ್ತೇದಾರಿ ವಿಭಾಗದ ಕಾನ್‌ಸ್ಟೇಬಲ್ ತನ್ಮಯಿಯನ್ನು ಕರೆಸಿದರು. ಮೈಸೂರಿನ ಡಾಕ್ಟರ್ ದಂಪತಿಯ ಮಗಳು, ಪಕ್ಕದ ಕೆಂಟನ್ನಿನಲ್ಲೇ ಬೆಳೆದವಳು. ಕನ್ನಡ ಅವಳು ಬೈಸಿಕೊಳ್ಳುವಾಗ ಕಲಿತ ಭಾಷೆ.

"ಕೂತ್ಕೊಳ್ಳಿ ಅಜ್ಜಿ. ಹೆಸರು?"

"ಗುರುದೇವಿ. ಬಿಜಾಪುರದಾಕಿ."

"ಏನಾಯ್ತು?"

"ನನ್ನ ಸಣ್ಣ ಮಗಾ ಮಲ್ಲಪ್ಪ ಸತ್ತಾನಂತ. ಆರು ತಿಂಗಳಾತು, ನನಗ್ಯಾರೂ ಹೇಳಿಲ್ಲ. ಹೆಂಗ ಸತ್ತಾ, ಯಾರರೆ ಹೊಡದ್ರೇನು, ಹುಡುಕಿ ಹೇಳ್ರಿ."

ಅವಳು ಅಳುತ್ತಿರಲಿಲ್ಲ. ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಒಂದು, ಮರಣ ಪ್ರಮಾಣಪತ್ರದ ಜೆರಾಕ್ಸ್: ಮಲ್ಲಪ್ಪ, ಮೂವತ್ತಾರು ವರ್ಷ, ಲಾರಿ ಚಾಲಕ, ಮರಣ ೧೪ ಆಗಸ್ಟ್ ೨೦೦೨. ಇನ್ನೊಂದು, ಹಿರಿಯ ಮಗ ವೀರಭದ್ರ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ ಪ್ರಮಾಣ ಹೇಳಿಕೆ. ಜಿಪಿ ಡಾಕ್ಟರ ಹತ್ತಿರ ಹೋಗಲು ಪಾಸ್‌ಪೋರ್ಟ್ ಬೇಕಾಗಿ, ಹಿಂದಿನ ಸಂಜೆ ಹತ್ತು ವರ್ಷದ ಮೊಮ್ಮಗಳು ಅಂಕಿತಾ ಅಪ್ಪನ ಫೈಲು ತೆಗೆದಾಗ ಇವು ಸಿಕ್ಕಿದ್ದವು. ಓದಿ ಹೇಳಿದವಳೂ ಅವಳೇ.

"ದೊಡ್ಡ ಮಗನ್ನೇ ಕೇಳಬಹುದಿತ್ತಲ್ಲ?"

"ಕೇಳಿದ್ರ ಇಲ್ಲ ಅಂತಾನವಾ. ನಮ್ಮ ತಂಗಿ ಹ್ವಾದಾಗೂ ಹಿಂಗ ಮುಚ್ಚಿಟ್ಟಿದ್ರು. ವಯಸ್ಸಾದವರಿಗೆ ಸಾವಿನ ಸುದ್ದಿ ಹೇಳಬಾರದಂತ."

ತನ್ಮಯಿಯ ಮನೆಯಲ್ಲೂ ಅದೇ ರೂಢಿ.

ಇನ್‌ಸ್ಪೆಕ್ಟರ್ ಪಾರ್ಕರ್ ಕಾಗದಗಳನ್ನು ತಿರುವಿ ಹಾಕಿದ. "ಬಿಜಾಪುರದ ಸಾವಿಗೂ ನಮಗೂ ಏನು ಸಂಬಂಧ? ಈ ಹೇಳಿಕೆ ಬರೆದದ್ದು ಯಾಕೆ?"

ಬರೆದದ್ದು ಗುರುದೇವಿಯ ಕಾಯಂ ವಾಸದ ಅರ್ಜಿಗೆ. ಅವಳು ೨೦೦೨ರ ಮೇ ತಿಂಗಳಲ್ಲಿ ಆರು ತಿಂಗಳ ಪ್ರವಾಸಿ ವೀಸಾದ ಮೇಲೆ ಬಂದವಳು. ಅಕ್ಟೋಬರಿನಲ್ಲಿ ಮಗ ಅರ್ಜಿ ಹಾಕಿದ, ಜನವರಿಯಲ್ಲಿ ಮಂಜೂರಾಯಿತು. ನಿಯಮ ಸರಳ: ವಿಧವೆ ತಾಯಿಗೆ ಅರವತ್ತೈದು ದಾಟಿರಬೇಕು, ಇಲ್ಲಿಯ ಮಗನೇ ಸಾಕುತ್ತಿರಬೇಕು, ತಾಯ್ನಾಡಿನಲ್ಲಿ ಆಸರೆಯಾಗಬಲ್ಲ ಹತ್ತಿರದ ಸಂಬಂಧಿಗಳು ಯಾರೂ ಇರಬಾರದು.

ತನ್ಮಯಿ ಹೇಳಿಕೆಯನ್ನು ಕೊನೆಯವರೆಗೂ ಓದಿ, ಮುದುಕಿಗೆ ಸಮಾಧಾನವಾಗಲೆಂದು ಹೇಳಿದಳು: "ಎಲ್ಲಾ ಸರಿಯಾಗೇ ಮಾಡಿದ್ದಾರೆ ಅಜ್ಜಿ. ನಿಮ್ಮ ಸಂಪ್ರದಾಯದ ಪ್ರಕಾರ ಅದೇ ಸಾಯಂಕಾಲ ದಹನ ಆಯ್ತಂತೆ."

"ಏನಾತಂತ?"

"ದಹನ. ಸುಟ್ಟರು."

"ಯಾರನ್ನ? ಮಲ್ಲ್ಯಾನ್ನ?" ಗುರುದೇವಿ ಎದ್ದೇ ನಿಂತಳು. "ಏ ಹುಚ್ಚಿ, ನಾವು ಲಿಂಗಾಯತರು! ಕೂಡ್ರಿಸಿ, ಅಂಗೈಯಾಗ ಲಿಂಗ ಇಟ್ಟು ಮಣ್ಣು ಕೊಡ್ತೀವಿ. ನಮ್ಮ ಮಂದಿ ಸುಡ್ತಾರೇನು? ಈ ಕಾಗದ ಸುಳ್ಳೈತಿ. ನನ್ನ ಮಗಾ ಜೀವಂತ ಅದಾನ! ಯವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ!"

ತನ್ಮಯಿಯ ಎರಡೂ ಕೈ ಹಿಡಿದುಕೊಂಡು ಅವಳು ಆಗ ಅತ್ತಳು. ಕಾಗದ ಸುಳ್ಳಾದರೆ ಅದನ್ನು ಸುಳ್ಳು ಮಾಡಿದವನು ಯಾರು ಎಂಬಲ್ಲಿಗೆ ಅವಳ ಯೋಚನೆ ಇನ್ನೂ ಬಂದಿರಲಿಲ್ಲ. ತನ್ಮಯಿಯದು ಬಂದಿತ್ತು. ತಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎನ್ನಿಸಿತು. ಪಾರ್ಕರ್ ಎದುರಿಗೇ ಕುಳಿತಿದ್ದ, ಅನುವಾದಕ್ಕೆ ಕಾಯುತ್ತಿದ್ದ. ಅವಳು ಅನುವಾದಿಸಿದಳು.

ಹನ್ನೆರಡು ಐದಕ್ಕೆ ದೂರು ದಾಖಲಾಯಿತು. ನಮ್ಮ ಕಡೆ ಎಫ್‌ಐಆರ್ ಎನ್ನುತ್ತಾರೆ, ಅಲ್ಲಿ ಕ್ರೈಮ್ ರಿಪೋರ್ಟ್; ಹೆಸರು ಏನೇ ಇರಲಿ, ಒಮ್ಮೆ ನಂಬರು ಬಿದ್ದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ.

ಮಧ್ಯಾಹ್ನ ಎರಡೂವರೆಗೆ ಕೆಂಟನ್ನಿನ ಮನೆಯ ಶೋಧನೆ. ವಾರಂಟು ಪಾರ್ಕರನ ಜೇಬಿನಲ್ಲಿತ್ತು. ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ವೀರಭದ್ರನನ್ನು ಕೆಲಸದಿಂದ ಕರೆಸಿದರು. ಅವನು ಬಾಗಿಲ ಹತ್ತಿರವೇ ನಿಂತ. ಗುರುದೇವಿಗೆ ಮಾತ್ರ ಹಬ್ಬ.

"ನೋಡ್ರಿ, ಹುಡುಕ್ರಿ. ಯಾರೋ ನಮ್ಮ ವೀರೂಗ ಮೋಸ ಮಾಡ್ಯಾರ. ಚಾ ಕುಡೀತೀರೇನು? ಉಪ್ಪಿಟ್ಟು ಮಾಡ್ಲಿ?"

ಪಂಚನಾಮೆಯ ಪಟ್ಟಿಯಲ್ಲಿ ಎರಡು ವಸ್ತುಗಳು. ವೀರಭದ್ರನ ತಂದೆ ಜಗದೇವಪ್ಪನ ೧೯೯೪ರ ಮರಣ ಪ್ರಮಾಣಪತ್ರ. ಅದರ ನೋಂದಣಿ ಸಂಖ್ಯೆಯೂ ಮಲ್ಲಪ್ಪನದೂ ಒಂದೇ. ಹೆಸರು, ವಯಸ್ಸು, ಕಸುಬು, ತಾರೀಖಿನ ಮೇಲೆ ಚೀಟಿ ಅಂಟಿಸಿ ಜೆರಾಕ್ಸ್ ತೆಗೆದದ್ದು ಸ್ಪಷ್ಟವಿತ್ತು. ಇನ್ನೊಂದು ಡೈರಿ, ಅದರಲ್ಲಿ ಬಿಜಾಪುರದ ಲಾರಿ ಆಫೀಸಿನ ನಂಬರು.

ಮರುದಿನ ಬೆಳಿಗ್ಗೆ ಏಳು ನಲವತ್ತಕ್ಕೆ ತನ್ಮಯಿ ಆ ನಂಬರಿಗೆ ಫೋನ್ ಮಾಡಿದಳು. ಮಲ್ಲಪ್ಪನ ಲಾರಿ ಹಿಂದಿನ ದಿನವಷ್ಟೇ ಸೂರತ್ತಿನಿಂದ ಬಂದಿತ್ತು.

"ಮಲ್ಲಪ್ಪ ಅವರಾ?"

"ಹೌದ್ರೀ."

"ಲಂಡನ್ ಪೊಲೀಸ್. ನೀವು ಸತ್ತಿದ್ದೀರಿ ಅಂತ ಇಲ್ಲಿ ಕಾಗದ ಇದೆ."

ಲಾರಿಗಳ ಸದ್ದಿನ ನಡುವೆ ಅವನು ಕೂಗಿ ಕೇಳಿದ: "ನಮ್ಮ ಅವ್ವಂದು ವೀಸಾ ಆತೇನ್ರಿ? ಅದು ಆಗೂತನಾ ಸತ್ತಂಗ ಇರು, ಫೋನ್ ಮಾಡಬ್ಯಾಡ ಅಂದಿದ್ದ ಅಣ್ಣ. ನಾ ಹೂಂ ಅಂದೀನ್ರಿ."

ಒಂಬತ್ತೂ ಕಾಲಿಗೆ ವೀರಭದ್ರನ ಬಂಧನ. ಆರೋಪ, ಸುಳ್ಳು ದಾಖಲೆ ಕೊಟ್ಟು ವಾಸದ ಅನುಮತಿ ಪಡೆದದ್ದು. ವಿಚಾರಣೆ ಹತ್ತೂವರೆಗೆ ಶುರುವಾಯಿತು. ವಕೀಲರು ಸುಮ್ಮನಿರು ಎಂದರೂ ಅವನು ಸುಮ್ಮನಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಯಾರದೋ ರಕ್ತದ ವರದಿ ಓದುವವನ ಹಾಗೆ.

"ಯಾಕೆ ಮಾಡಿದಿರಿ?" ಪಾರ್ಕರ್ ಕೇಳಿದ.

"ಅವ್ವ ವಿಧವೆ, ಅರವತ್ತೆಂಟು, ಸಾಕೋನು ನಾನು. ಎಲ್ಲಾ ಬರೋಬರಿ ಇತ್ತು. ತಮ್ಮ ಒಬ್ಬ ಹೆಚ್ಚಾಗಿದ್ದ."

"ತಮ್ಮನ ಪರಿಸ್ಥಿತಿ ಇದ್ದದ್ದು ಇದ್ದ ಹಾಗೆ ಬರೆಯಬಹುದಿತ್ತಲ್ಲ?"

"ತಿಂಗಳಿಗೆ ಇಪ್ಪತ್ತೈದು ದಿನ ಲಾರಿಯೊಳಗ ಮಲಗ್ತಾನ. ಬರದ್ರ ನೀವು ನಂಬತಿದ್ರಿ? ಮಗ ಅದಾನೋ ಇಲ್ಲೋ, ಅಷ್ಟ ನೋಡತಿದ್ರಿ."

ತನ್ಮಯಿ ಹೇಳಿಕೆಯನ್ನು ಅವನ ಮುಂದೆ ಸರಿಸಿದಳು. "ದಹನ ಅಂತ ಯಾಕೆ ಬರೆದ್ರಿ?"

ಅವನು ಆ ಸಾಲನ್ನು ಎರಡು ಸಲ ಓದಿದ. ತಾನು ಹಾಗೆ ಬರೆದದ್ದು ಅವನಿಗೆ ಆವರೆಗೂ ಗೊತ್ತಿರಲಿಲ್ಲ. "ಅಪ್ಪ ಸತ್ತಾಗ ನಾನು ಮುಟ್ಟೂದರೊಳಗ ಮಣ್ಣಾಗಿತ್ತು. ನನ್ನ ಕೈಯಾರೆ ಮಾಡಿದ್ದು ಒಂದ ಸಾವು, ಹೆಂಡತೀದು. ಗಿರಿಜಾದೇವಿ, ತೊಂಬತ್ತೊಂಬತ್ತರ ನವೆಂಬರ್. ಇಲ್ಲಿ ಎಲ್ಲಾರೂ ಹಿಂಗ ಮಾಡ್ತಾರ ಅಂದ್ರು, ತೋರಿಸಿದಲ್ಲಿ ಸಹಿ ಮಾಡಿದೆ. ಸುಡೂ ಮಷೀನಿನ ಬಟನ್ ಒತ್ತಿದ್ರು, ಪರದೆ ಮುಚ್ಚಿತು. ಬರಿಯೂವಾಗ ಅದಽ ಬಂದಿರಬೇಕು." ಕಾಗದವನ್ನು ಹಿಂದಕ್ಕೆ ಸರಿಸಿ ಹೇಳಿದ: "ಆಕಿಗೆ ಮಣ್ಣು ಕೊಟ್ಟೀನಿ ಅಂತ ಅವ್ವಗ ಹೇಳೀನ್ರಿ. ದಯಮಾಡಿ ಹೇಳಬ್ಯಾಡ್ರಿ."

ಗಿರಿಜಾದೇವಿ ತೀರಿಕೊಂಡಾಗ ಅಂಕಿತಾಗೆ ಆರು ವರ್ಷ. ಅವನದು ಪಾಳಿಯ ಕೆಲಸ. ಅಜ್ಜಿ ಎರಡು ಸಲ ಬಂದು ಆರಾರು ತಿಂಗಳು ಇದ್ದು ಹೋಗಿದ್ದಳು. ಎರಡನೇ ಸಲ ಮಗು ಅಜ್ಜಿಯ ಪಾಸ್‌ಪೋರ್ಟನ್ನು ಫ್ರಿಜ್ಜಿನ ಹಿಂದೆ ಬಚ್ಚಿಟ್ಟಿತು. ಹುಡುಕಿ ತೆಗೆದು ಅಜ್ಜಿಯನ್ನು ವಿಮಾನ ಹತ್ತಿಸಿದವನು ಇವನೇ. ಆಮೇಲೆ ಮಗಳು ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು. ಇಷ್ಟೇ ಕಾರಣ ಎಂದ.

ಮಧ್ಯಾಹ್ನ ಗುರುದೇವಿ ಮತ್ತೆ ಕೌಂಟರಿಗೆ ಬಂದಳು. ತನ್ಮಯಿ ಎಲ್ಲವನ್ನೂ ಹೇಳಿದಳು, ಗಿರಿಜಾದೇವಿಯ ವಿಷಯವೊಂದನ್ನು ಬಿಟ್ಟು. ಮಗನ ಮೇಲೆ ಕೇಸು ನಡೆಯುತ್ತದೆ. ವೀಸಾ ರದ್ದಾಗುವ ಸಂಭವವೇ ಹೆಚ್ಚು. ರದ್ದಾದರೆ ಅವಳು ಊರಿಗೆ ಹೋಗಬೇಕಾಗುತ್ತದೆ.

"ನನ್ನ ಕಂಪ್ಲೇಂಟ್ ವಾಪಸ್ ಕೊಡ್ರಿ."

"ಆಗಲ್ಲ ಅಜ್ಜಿ. ಈಗ ಅದು ನಿಮ್ಮದಲ್ಲ."

"ಮಗಾ ಒಳಗ, ನಾ ಊರಾಗ. ಕೂಸು ಯಾರ ಕಡೆ ಇರಬೇಕು?"

ತನ್ಮಯಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ಕೌನ್ಸಿಲಿನವರ ಫೋನ್ ನಂಬರು ಬರೆದು ಕೊಟ್ಟಳು. ಏನಾದರೂ ಒಳ್ಳೆಯದು ಮಾಡಬೇಕೆನ್ನಿಸಿ ಅವಳು ಕೌಂಟರಿನ ಫೋನನ್ನು ಈಚೆ ಎಳೆದಳು.

"ಮಲ್ಲಪ್ಪ ಲಾರಿ ಆಫೀಸಲ್ಲೇ ಇದ್ದಾರೆ. ಮಾತಾಡ್ತೀರಾ? ಹಚ್ಚಿ ಕೊಡ್ತೀನಿ."

ಗುರುದೇವಿ ಫೋನನ್ನು ತನ್ಮಯಿಯ ಕಡೆಗೇ ತಳ್ಳಿದಳು.

"ಬ್ಯಾಡ," ಎಂದಳು. "ಅವ ಸತ್ತಾನಂತನಽ ಬರ್ಕೋರಿ. ಹಡದಾಕಿ ನಾ ಹೇಳ್ತೀನಲ್ಲ, ಮ್ಯಾಲ ಇನ್ಯಾರ್ನ ಕೇಳ್ತೀರಿ? ಮಲ್ಲ್ಯಾ ಏನೂ ಅನ್ನಂಗಿಲ್ಲ."

ಕೋಟಿನ ಗುಂಡಿ ಹಾಕಿಕೊಂಡಳು. ಗಂಟೆ ಮೂರಾಗಿತ್ತು, ಅಂಕಿತಾಳ ಸಾಲಿ ಬಿಡುವ ಹೊತ್ತು ಎಂದು ಹೇಳಿ ಹೊರಟಳು.