ಅಡ್ಡ ಗೋರಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವುದೋ ಬೇಡವೋ ಎಂದು ಹೆಡ್ ಕಾನ್‌ಸ್ಟೇಬಲ್‌ಗೆ ತಿಳಿಯಲಿಲ್ಲ. ಹಳೆಯ ಸ್ಮಶಾನದಲ್ಲಿ ಗುರುತು ಅಳಿಸಿಹೋದ ಗೋರಿಗಳನ್ನು ರಾಡಾರ್ ಯಂತ್ರದಿಂದ ಹುಡುಕಿ ಬಾವುಟ ನೆಡುತ್ತಿದ್ದ ಸರ್ವೆಯವಳು ಎದುರಿಗೆ ಕೂತಿದ್ದಳು.

“ದಿನಾ ಒಂದೇ ಜಾಗದ ಬಾವುಟ ಕಿತ್ತುಹೋಗ್ತಿದೆ ಸಾರ್. ಅದೊಂದೇ.”

“ಗೋರಿಯವರೇ ಎದ್ದು ಕಿತ್ತಿರ್ಬೇಕು ಬಿಡಮ್ಮ.”

ಅವಳು ನಗಲಿಲ್ಲ. “ಇವತ್ತು ಅದು ನನ್ನ ಊಟದ ಚೀಲದೊಳಗಿತ್ತು.”

ಇನ್‌ಸ್ಪೆಕ್ಟರ್ ಹೆಡ್‌ನನ್ನು ಕರೆದುಕೊಂಡು ಹೊರಟರು. ಎಂಬತ್ತು ವರ್ಷದಿಂದ ಯಾರನ್ನೂ ಹೂಳದ ಜಾಗ. ಕಾವಲುಗಾರನ ಒಂಟಿ ಕೋಣೆಯ ಕಿಟಕಿಯ ಕೆಳಗೆ, ಬಾವುಟ ಕಿತ್ತುಹೋಗುತ್ತಿದ್ದ ಜಾಗದಲ್ಲಿ, ಸರ್ವೆಯವಳು ಗಾಲಿಯ ಯಂತ್ರವನ್ನು ನಿಧಾನವಾಗಿ ತಳ್ಳಿದಳು. ಪರದೆಯಲ್ಲಿ ಬೂದು ಅಲೆಗಳು ಸರಿದು, ಒಂದೆಡೆ ಬಾಗಿದವು.

“ಉಳಿದವೆಲ್ಲ ಒಂದೇ ದಿಕ್ಕಿಗಿವೆ, ಆಳುದ್ದ ಕೆಳಗೆ. ಇದು ಅಡ್ಡ ಇದೆ. ಮೊಣಕಾಲುದ್ದವೂ ಆಳ ಇಲ್ಲ.”

“ಹೊಸ ಹೆಣ ಅಂತೀರಾ?”

“ಇದು ಎಲುಬು ತೋರ್ಸಲ್ಲ ಸಾರ್, ಅಗೆದ ಮಣ್ಣು ತೋರ್ಸುತ್ತೆ. ತಪ್ಪಾದ್ರೆ ಯಾರದೋ ಗೋರಿ ಕೆದಕಿದ ಹಾಗಾಗುತ್ತೆ. ನನ್ನ ಕೆಲಸಾನೂ ಹೋಗುತ್ತೆ.”

ಇನ್‌ಸ್ಪೆಕ್ಟರಿಗೂ ಅದೇ ಅಳುಕು. ಅಷ್ಟರಲ್ಲಿ ಅವರ ಕತ್ತಿಗೆ ಬಿಸಿಯುಸಿರು ತಾಕಿತು. ಕಾವಲುಗಾರ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದ.

“ಮುಖ ಕಾಣುತ್ತಾ ಸಾರ್, ಅವಳ್ದು?”

ಯಾರೂ ತಿರುಗಲಿಲ್ಲ. ಹೆಣಕ್ಕೆ ಎಲ್ಲರೂ ‘ಅದು’ ಎನ್ನುತ್ತಾರೆ; ಇವನು ‘ಅವಳು’ ಎಂದಿದ್ದ.

“ಮನೇಲಿ ಯಾರ್ಯಾರಿದೀರಿ?” ಇನ್‌ಸ್ಪೆಕ್ಟರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

“ನಾನೊಬ್ನೇ. ತಂಗಿ ಇದ್ಲು. ಬೇರೆ ಊರಲ್ಲಿ ಕೆಲಸ ಸಿಕ್ತು, ಹೋದ್ಲು.”

“ಯಾವ ಊರು?”

ಕಾವಲುಗಾರ ಕಿಟಕಿಯ ಕಡೆ ನೋಡಿದ. ಅವನ ಕೈಯಲ್ಲಿ ಹಾರೆಯಿರುವುದನ್ನು ಸರ್ವೆಯವಳು ಆಗ ನೋಡಿದಳು. ಅವಳು ಯಂತ್ರದ ಆಚೆಗೆ ಸರಿದಳು.

“ಕೊಡಪ್ಪ, ಭಾರ ಇದೆ,” ಎಂದು ಹೆಡ್ ಮೆಲ್ಲಗೆ ಅದನ್ನು ತೆಗೆದುಕೊಂಡ.

ಕಾವಲುಗಾರನನ್ನು ವಿಚಾರಣೆಗೆಂದು ಠಾಣೆಯಲ್ಲಿ ಕೂರಿಸಿಕೊಂಡರು. ಮರುದಿನ ದಂಡಾಧಿಕಾರಿಯ ಅನುಮತಿ ಬಂತು. ಪಂಚರ ಸಮಕ್ಷಮ ಅಗೆದಾಗ ಮೊದಲು ಜಡೆ ಕಂಡಿತು, ಆಮೇಲೆ ಬಟ್ಟೆ ತುಂಬಿದ ಚೀಲ. ಪಂಚನಾಮೆ ಬರೆಯುತ್ತಿದ್ದ ಹೆಡ್ ಎರಡು ಸಲ ಪೆನ್ನು ಕೆಳಗಿಟ್ಟ. ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು, ಕಾವಲುಗಾರನ ಬಂಧನವಾಯಿತು.

ಹೊರಟು ನಿಂತ ತಂಗಿಯ ಚೀಲ ಹಿಡಿದೆಳೆದೆ, ಕೊಸರಾಡಿದಳು, ತಳ್ಳಿದೆ, ಹೊಸ್ತಿಲ ಕಲ್ಲಿಗೆ ತಲೆ ಬಡಿಯಿತು ಎಂದು ಅವನು ಹೇಳಿದ. ಸರ್ವೆಯವಳು ಹೆದರಿ ಹೋಗಲಿ ಎಂದು ಬಾವುಟ ಕಿತ್ತವನೂ ತಾನೇ ಎಂದ.

“ಹೋಗ್ಲಿ ಅಂತ ಬಿಡೋಕೇನಾಗಿತ್ತು?” ಇನ್‌ಸ್ಪೆಕ್ಟರ್ ಕೇಳಿದರು.

“ಇಷ್ಟು ಹೆಣದ ಮಧ್ಯೆ ನಾನೊಬ್ನೇ ಹೇಗಿರ್ಲಿ ಸಾರ್?”

“ಕಿಟಕಿ ಕೆಳಗೇ ಯಾಕೆ ಹೂತೆ?”

“ಕೂಗಿದ್ರೆ ಕೇಳ್ಸೋ ಅಷ್ಟು ಹತ್ರ ಇರ್ಲಿ ಅಂತ.”

ಹೆಡ್ ಲಾಕಪ್ಪಿನ ಬೀಗ ತೆಗೆದ. ಕಾವಲುಗಾರ ಬಾಗಿಲಲ್ಲೇ ನಿಂತು ಸರಳು ಹಿಡಿದುಕೊಂಡ.

“ಒಳಗೆ ಇನ್ನ್ಯಾರಾದ್ರೂ ಇದಾರಾ ಸಾರ್?”

ಅಂದು ಲಾಕಪ್ಪಿನಲ್ಲಿ ಬೇರೆ ಯಾರೂ ಇರಲಿಲ್ಲ.